‘ವಲ್ನರಬಿಲಿಟಿ’ಯನ್ನು ಕಿಂಡಿ ಎನ್ನಬಹುದೇ?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಬಿಸಿಎ ವಿದ್ಯಾರ್ಥಿಗಳಿಗಾಗಿ ವೆಬ್ ಸುರಕ್ಷತೆಯ ಬಗ್ಗೆ ಕನ್ನಡದಲ್ಲಿ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಪಿಎಚ್‌ಪಿ ಎಂಬ, ಜಾಲತಾಣ ಕಟ್ಟುವ ಭಾಷೆಯ ಅಧ್ಯಾಯಕ್ಕೆ ಬಂದವನು ಒಂದೇ ಪದದ ಬಳಿ ವಾರದಿಂದ ನಿಂತಿದ್ದೇನೆ. ‘ಕ್ರಿಟಿಕಲ್ ವಲ್ನರಬಿಲಿಟಿ’ ಎಂಬುದನ್ನು ‘ನಿರ್ಣಾಯಕ ದುರ್ಬಲತೆ’ ಎಂದು ಬರೆಯುವುದನ್ನು ನೋಡಿದ್ದೇನೆ, ‘ವಿಮರ್ಶಾತ್ಮಕ’ ಎಂದದ್ದೂ ಉಂಟು. ಮೊದಲ ಪದಕ್ಕೆ ‘ಅತಿ ಗಂಭೀರ’ ಸಾಕು. ತೊಡಕಿರುವುದು ಎರಡನೆಯದರಲ್ಲಿ, ಅಂದರೆ ದಾಳಿಕೋರ ಒಳಗೆ ನುಗ್ಗಲು ದಾರಿಯಾಗುವಂತೆ ತಂತ್ರಾಂಶದಲ್ಲಿ ತಿಳಿಯದೆ ಉಳಿದುಹೋದ ಕೊರತೆಯ ಹೆಸರಿನಲ್ಲಿ.

ನಾನು ಉದಾಹರಣೆಗೆ ಆಯ್ದುಕೊಂಡದ್ದು ಪಿಎಚ್‌ಪಿಯ ಸಿವಿಇ-2024-4577 (ಸಿವಿಇ ಎಂದರೆ ಬಯಲಾದ ಇಂಥ ಕೊರತೆಗಳಿಗೆ ಕೊಡುವ ಗುರುತಿನ ಸಂಖ್ಯೆ). ತೈವಾನಿನ ಡೆವ್‌ಕೋರ್ ಸಂಸ್ಥೆಯ ಆರೆಂಜ್ ತ್ಸಾಯ್ ಅದನ್ನು ಪತ್ತೆ ಮಾಡಿದರು. ತೀವ್ರತೆಯ ಅಳತೆಯಲ್ಲಿ ಅದಕ್ಕೆ 10ಕ್ಕೆ 9.8. ಇದರ ಬೇರು 2012ರಲ್ಲಿದೆ. ಸಿಜಿಐ ವಿಧಾನದಲ್ಲಿ, ಅಂದರೆ ಪ್ರತಿ ಕೋರಿಕೆಗೂ ವೆಬ್ ಸರ್ವರ್ ಬೇರೆ ಪ್ರೋಗ್ರಾಮನ್ನು ಓಡಿಸುವ ವಿಧಾನದಲ್ಲಿ, ಪಿಎಚ್‌ಪಿ ನಡೆಯುತ್ತಿದ್ದರೆ, ವೆಬ್ ವಿಳಾಸದ ಪ್ರಶ್ನಾರ್ಥಕ ಚಿಹ್ನೆಯ ನಂತರ ಅಡ್ಡಗೆರೆ ಹಾಕಿ ಬರೆದದ್ದನ್ನು ಅದು ತನಗೆ ಬಂದ ಆದೇಶವೆಂದೇ ಓದಿಕೊಳ್ಳುತ್ತಿತ್ತು. ‘-s’ ಎಂದು ಸೇರಿಸಿದರೆ ಪುಟದ ಮೂಲ ಸಂಕೇತವೇ (ಸೋರ್ಸ್ ಕೋಡ್) ಎದುರಿಗೆ ಬರುತ್ತಿತ್ತು. ಆಗ ಆ ಅಡ್ಡಗೆರೆಯನ್ನು ಬಾಗಿಲಲ್ಲೇ ತಡೆಯುವ ಏರ್ಪಾಡಾಯಿತು. ಆದರೆ ಸಾಫ್ಟ್ ಹೈಫನ್ ಎಂಬ ಇನ್ನೊಂದು ಗೆರೆಯಿದೆ. ಸಾಲಿನ ತುದಿಯಲ್ಲಿ ಪದ ಮುರಿದಾಗ ಮಾತ್ರ ಕಾಣುವ ಗೆರೆ ಅದು, ಸಂಕೇತಸಂಖ್ಯೆಯೂ ಬೇರೆ. ಪಿಎಚ್‌ಪಿ ಅದನ್ನು ಬೇರೆ ಅಕ್ಷರವೆಂದು ಒಳಗೆ ಬಿಟ್ಟಿತು. ಚೀನೀ, ಜಪಾನಿ ಭಾಷೆಗಳಿಗೆ ಹೊಂದಿಸಿದ ವಿಂಡೋಸ್ ಮಾತ್ರ ‘ಹೆಚ್ಚು ಹೋಲುವ ಅಕ್ಷರ’ ಎಂದು ಅದನ್ನು ಮಾಮೂಲಿ ಅಡ್ಡಗೆರೆಯಾಗಿ ಬದಲಿಸಿಕೊಟ್ಟಿತು. ಹನ್ನೆರಡು ವರ್ಷ ಮುಚ್ಚಿಕೊಂಡಿದ್ದ ದಾರಿ ಮತ್ತೆ ತೆರೆಯಿತು.

‘ಸಾಫ್ಟ್‌ವೇರ್’ ಎಂದು ಬರೆಯುವಾಗ ವಕಾರ ಒತ್ತಾಗದಂತೆ ನಡುವೆ ಕಾಣದ ಅಕ್ಷರವೊಂದನ್ನು ಇಡುವ ನಮಗೆ ಇದು ಬೇಗ ಅರ್ಥವಾಗಬೇಕು. ಕಣ್ಣಿಗೆ ಬೀಳದ್ದೂ ಯಂತ್ರದ ಮಟ್ಟಿಗೆ ಅಕ್ಷರವೇ.

ಈಗ ಪದಕ್ಕೆ ಬರುತ್ತೇನೆ. ‘ದೋಷ’ ಎಂದರೆ ಬಗ್ ಆಗಿಬಿಡುತ್ತದೆ. ಲೆಕ್ಕ ತಪ್ಪಿದರೂ ಅದು ದೋಷ, ಕಳ್ಳ ಒಳಗೆ ಬಂದರೂ ಅದೇ ಪದ. ‘ಭದ್ರತಾ ಲೋಪ’ವನ್ನು ಪತ್ರಿಕೆಗಳು ಗಣ್ಯರ ಕಾವಲಿನಲ್ಲಿ ಯಾರೋ ಎಚ್ಚರ ತಪ್ಪಿದ್ದಕ್ಕೆ ಬಳಸುತ್ತವೆ. ‘ಕನ್ನ’ ನನಗೆ ಬಹಳ ಇಷ್ಟದ ಪದ. ಆದರೆ ಕನ್ನವನ್ನು ಕೊರೆಯುವವನು ಕಳ್ಳ, ಆದ್ದರಿಂದ ಅದನ್ನು ದಾಳಿಕೋರ ಒಳನುಗ್ಗಲು ಹೂಡುವ ತಂತ್ರಕ್ಕೆ, ಅಂದರೆ ‘ಎಕ್ಸ್‌ಪ್ಲಾಯಿಟ್’ಗೆ ಮೀಸಲಿಡುವುದು ಸರಿ. 2021ರ ಮಾರ್ಚ್‌ನಲ್ಲಿ ಪಿಎಚ್‌ಪಿಯ ಮೂಲ ಸಂಕೇತದೊಳಗೇ ಯಾರೋ ಸೇರಿಸಿ ಸಿಕ್ಕಿಬಿದ್ದದ್ದು ‘ಹಿಂಬಾಗಿಲು’. ಅದು ಬೇಕೆಂದೇ ಇಟ್ಟದ್ದು.

ಉಳಿಯುವುದು ‘ಕಿಂಡಿ’. ಚಿತ್ರದುರ್ಗದಲ್ಲಿ ಓಬವ್ವ ಕಾದು ನಿಂತದ್ದು ಎಲ್ಲಿ? ಹೈದರಾಲಿಯ ಸೈನಿಕರು ಅಲ್ಲಿ ಗೋಡೆ ಒಡೆಯಲಿಲ್ಲ, ಇದ್ದ ಸಂದಿನಲ್ಲಿ ನುಸುಳಿದರು ಎಂಬುದು ಎಲ್ಲರೂ ಬಲ್ಲ ಕಥೆ. ಗೋಡೆ ಗಟ್ಟಿಯಾಗಿಯೇ ಇದೆ, ಆದರೂ ಒಂದು ಕಡೆ ಹಾದಿಯಿದೆ. ವಲ್ನರಬಿಲಿಟಿ ಎಂದರೆ ಇದೇ ಅಲ್ಲವೇ? ‘ದುರ್ಬಲತೆ’ ಎಂಬ ಪದದಲ್ಲಿ ಈ ಹಾದಿ ಕಾಣುವುದಿಲ್ಲ.

ನನ್ನ ಅಳುಕು ಇಷ್ಟು. ಉಡುಪಿಯ ಕನಕನ ಕಿಂಡಿಯಲ್ಲಿ ದೇವರನ್ನು ನೋಡುತ್ತೇವೆ, ಕರಾವಳಿಯ ಕಿಂಡಿ ಅಣೆಕಟ್ಟಿನಲ್ಲಿ ಕಿಂಡಿಯನ್ನು ಬೇಕೆಂದೇ ಬಿಟ್ಟಿರುತ್ತಾರೆ. ‘ಸುರಕ್ಷತಾ ಕಿಂಡಿ’ ಎಂದರೆ ಸುರಕ್ಷತೆಗಾಗಿ ಇಟ್ಟ ಕಿಂಡಿ ಎಂದು ಓದುಗರು ತಿಳಿದಾರೇನೋ. ‘ನುಸುಳುಗಿಂಡಿ’ ಎಂದು ಸಮಾಸ ಮಾಡಿದರೆ ಆ ಗೊಂದಲ ತಪ್ಪುತ್ತದೆಯೇ? ‘ಅಭೇದ್ಯ ಕೋಟೆ’ಯ ಬೆನ್ನು ಹಿಡಿದು ‘ಭೇದ್ಯತೆ’ ಎನ್ನಲೂಬಹುದು, ಆದರೆ ಹದಿನೆಂಟು ವರ್ಷದ ಹುಡುಗಿ ಅದನ್ನು ಬಾಯಲ್ಲಿ ಆಡುತ್ತಾಳೆ ಎಂದು ನನಗೆ ಅನ್ನಿಸುವುದಿಲ್ಲ.

ಇದರ ಜೊತೆಗೆ ‘ಪ್ಯಾಚ್’, ಅಂದರೆ ಇಂಥ ಕೊರತೆಯನ್ನು ಮುಚ್ಚಲು ಹೊರಡಿಸುವ ತಿದ್ದುಪಡಿ, ಕೂಡ ಇದೆ. ‘ತೇಪೆ’ ಎಂದು ಬರೆದಿದ್ದೇನೆ. ‘ತೇಪೆ ಹಚ್ಚುವುದು’ ಎಂದರೆ ಅರೆಮನಸ್ಸಿನ ದುರಸ್ತಿ ಎಂಬ ಅರ್ಥವೂ ನಮ್ಮಲ್ಲಿದೆ. 2012ರ ಮೊದಲ ತೇಪೆ ನಿಜಕ್ಕೂ ಹಾಗೇ ಆಗಿತ್ತು, ಕೆಲವೇ ದಿನಗಳಲ್ಲಿ ಇನ್ನೊಂದನ್ನು ಹಾಕಬೇಕಾಯಿತು. ಆದರೆ 2024ರ ಜೂನ್‌ನಲ್ಲಿ ಬಂದ 8.3.8, 8.2.20, 8.1.29 ಆವೃತ್ತಿಗಳಂಥ ತೇಪೆಗಳನ್ನು ವಿದ್ಯಾರ್ಥಿಗಳು ನಂಬಿ ಹಾಕಿಕೊಳ್ಳಬೇಕು. ಅವರಲ್ಲಿ ಅನೇಕರು ಬಳಸುವ ವಿಂಡೋಸಿನ ಕ್ಸಾಂಪ್ (ವೆಬ್ ಸರ್ವರ್, ಪಿಎಚ್‌ಪಿ ಮುಂತಾದವನ್ನು ಒಟ್ಟಿಗೆ ಕೊಡುವ) ಪೊಟ್ಟಣ ಹಾಕಿಕೊಂಡ ಸ್ಥಿತಿಯಲ್ಲೇ ಈ ದಾಳಿಗೆ ತೆರೆದುಕೊಂಡಿತ್ತು. ತೇಪೆಯ ಬದಲು ‘ಸರಿಪಡಿಕೆ’ ಎನ್ನಲೇ?

ಉತ್ತರ ಕರ್ನಾಟಕದ ಗೆಳೆಯರು ಇಂಥ ಸಂದಿಗೆ, ಅಂದರೆ ಗೋಡೆ ಕಟ್ಟುವಾಗ ತಿಳಿಯದೆ ಉಳಿದುಹೋದ ತೂತಿಗೆ, ಏನೆನ್ನುತ್ತಾರೆ? ಗೌಂಡಿಗಳ ಬಾಯಲ್ಲಿ ಅದಕ್ಕೊಂದು ಪದವಿದ್ದರೆ ದಯವಿಟ್ಟು ತಿಳಿಸಿ.