ಪದ ಬೇಕು (ಅರ್ಜೆಂಟ್): ಬೊಂಬೆಗಳಿಗೆ ದನಿ ಕೊಡುವ ನಟನಿಗೆ ಏನನ್ನೋಣ?

ಬಳಗದವರಿಗೆ ನಮಸ್ಕಾರ.

ಮಕ್ಕಳ ಪತ್ರಿಕೆಯೊಂದಕ್ಕೆ ಡೇವಿಡ್ ಗ್ರಹಾಂ ಬಗ್ಗೆ ಎರಡು ಪುಟ ಬರೆದಿದ್ದೇನೆ. ಲಂಡನ್ನಿನವರು. 1925ರಲ್ಲಿ ಹುಟ್ಟಿ, 2024ರ ಸೆಪ್ಟೆಂಬರಿನಲ್ಲಿ 99ನೇ ವಯಸ್ಸಿನಲ್ಲಿ ತೀರಿಕೊಂಡರು. ಪೆಪ್ಪಾ ಪಿಗ್ ನೋಡುವ ಮಕ್ಕಳಿಗೆ ಅಜ್ಜ ಹಂದಿಯ ದನಿ ಗೊತ್ತಲ್ವಾ, ಅದು ಇವರದೇ. 1963ರ ಡಾಕ್ಟರ್ ಹೂ ಧಾರಾವಾಹಿಯಲ್ಲಿ ಡಾಲೆಕ್ ಎಂಬ ಲೋಹದ ರಾಕ್ಷಸರಿಗೆ ಮಾತು ಕೊಟ್ಟ ಇಬ್ಬರಲ್ಲಿ ಇವರೊಬ್ಬರು (ಇನ್ನೊಬ್ಬರು ಪೀಟರ್ ಹಾಕಿನ್ಸ್). 1965ರ ಥಂಡರ್‌ಬರ್ಡ್ಸ್ ಬೊಂಬೆ ಸರಣಿಯಲ್ಲಂತೂ ಗಾರ್ಡನ್, ತೊದಲುವ ವಿಜ್ಞಾನಿ ಬ್ರೇನ್ಸ್, ಕಾರಿನ ಡ್ರೈವರ್ ಪಾರ್ಕರ್, ಕಿರಾನೋ, ನಾಲ್ವರೂ ಇವರೇ.

ಇಂಥವರನ್ನು ಒಂದೇ ಪದದಲ್ಲಿ ಏನೆಂದು ಕರೆಯಬೇಕು? ತಲೆಬರಹಕ್ಕೆ ಬೇಕು, ದಪ್ಪ ಅಕ್ಷರ, ಜಾಗ ಕಡಿಮೆ. ನಾಳೆ ಸಂಜೆ ಪುಟ ಅಚ್ಚಿಗೆ ಹೋಗುತ್ತದೆ.

– ಕು., ಬೆಂಗಳೂರು

*

ಕಂಠದಾನ ಕಲಾವಿದ. ಇದಕ್ಕೂ ಒಂದು ಚರ್ಚೆಯೇ?

– ರಾ., ಮೈಸೂರು

*

ಸಾರ್, ನಾನೂ ಮೊದಲು ಅದನ್ನೇ ಬರೆದಿದ್ದೆ. ಆಮೇಲೆ ಎರಡು ಕಡೆ ಸಿಕ್ಕಿಕೊಂಡೆ. ಒಂದು, ದಾನ. ರಕ್ತದಾನ, ನೇತ್ರದಾನ ಸರಿ. ಸಂಭಾವನೆ ಎಣಿಸಿಕೊಂಡು ಮಾಡುವ ಕೆಲಸ ದಾನ ಹೇಗಾಯಿತು ಎಂದು ಮಗು ಕೇಳಿದರೆ ಏನು ಹೇಳಲಿ?

ಇನ್ನೊಂದು ದೊಡ್ಡದು. ನಾವು ಕಂಠದಾನ ಎನ್ನುವುದು ತೆರೆಯ ಮೇಲೆ ಆಗಲೇ ಆಡಿಸಿದ ಬಾಯಿಗೆ ಮಾತು ಕೂರಿಸುವುದಕ್ಕೆ. ಥಂಡರ್‌ಬರ್ಡ್ಸ್‌ನಲ್ಲಿ ಇದು ತಿರುಗುಮುರುಗು. ಮೊದಲು ಮಾತಿನ ಟೇಪು. ಆ ಟೇಪಿನಿಂದ ಹೊರಟ ವಿದ್ಯುತ್ ಮಿಡಿತ ತಂತಿಯಲ್ಲಿ ಬೊಂಬೆಯ ತಲೆಯೊಳಗೆ ಹೋಗಿ ತುಟಿ ಅಲುಗಿಸುತ್ತಿತ್ತು. ಅಂದರೆ ಬೊಂಬೆಯೇ ಇವರ ಮಾತಿಗೆ ಬಾಯಿ ಕೊಟ್ಟಿತು!

– ಕು.

*

ದಾನ, ಕಲಾವಿದ ಎಲ್ಲ ಸಂಸ್ಕೃತ. ಧ್ವನಿಯೂ ಸಂಸ್ಕೃತ. ನಮ್ಮದೇ ಪದ ಇರುವಾಗ ಪಕ್ಕದ ಮನೆಯ ಬಾಗಿಲು ಯಾಕೆ ತಟ್ಟಬೇಕು? ಹಳಗನ್ನಡದ ಕೊರಲ್ ಇಂದಿನ ಕೊರಳು. ತಮಿಳಿನ ಕುರಲ್ ಇದರ ಒಡಹುಟ್ಟು. ತಮಿಳರು ಇಂದಿಗೂ ದನಿಗೆ ಕುರಲ್ ಎಂದೇ ಹೇಳುತ್ತಾರೆ. ನಾವು ಅದನ್ನು ಹಾರ ಹಾಕುವ ಜಾಗ ಮಾಡಿಕೊಂಡು ಕುಳಿತೆವು. 'ಕೊರಳೆತ್ತಿ ಹಾಡು' ಎನ್ನುವಾಗ ಮಾತ್ರ ಹಳೆಯ ಹುರುಳು ಇಣುಕುತ್ತದೆ. 'ಕೊರಳಾಳು' ಎನ್ನಿ. ನಟ ಕೂಡ ಬೇಡ, ಅದೂ ಸಂಸ್ಕೃತವೇ.

– ಶಂ., ಶಿವಮೊಗ್ಗ

*

ಕೊರಳಾಳು ಎಂದರೆ ನನಗೆ ಜಿರಾಫೆ ಕಾಣಿಸುತ್ತದೆ.

– ರಾ.

*

ಮೇಷ್ಟ್ರುಗಳ ಜಗಳದ ನಡುವೆ ನನ್ನದೊಂದು. 'ದನಿಗಾರ' ಯಾಕಾಗಬಾರದು? ಹಾಡುಗಾರ, ಮಾತುಗಾರ ಇದ್ದ ಹಾಗೆ.

– ವಿ., ಫ್ರಿಮಾಂಟ್

*

ಕೇಳಲು ಚೆನ್ನ. ಆದರೆ ನಲವತ್ತು ವರ್ಷ ಕರಡು ತಿದ್ದಿದವನ ಮಾತು ಕೇಳಿ: ಒಂದು ಗುಡಿಸು ಬಿದ್ದುಹೋದರೆ ದನಗಾರ. ತಲೆಬರಹದಲ್ಲಿ ಬಿದ್ದೇ ಬೀಳುತ್ತದೆ.

ಶಂ. ಅವರಿಗೆ: ದನಿ ತದ್ಭವ, ಒಪ್ಪಿದೆ. ಇಂಚರವನ್ನೂ ಬಿಡುತ್ತೀರಾ? ಇನಿದು + ಸರ. ಆ ಸರ, ಸ್ವರದ ಮಗ. ಇಂಚರ ಬಿಟ್ಟು ಕೋಗಿಲೆಯ ಬಗ್ಗೆ ಒಂದು ಪದ್ಯ ಬರೆಯಿರಿ ನೋಡೋಣ. ಸಾವಿರ ವರ್ಷ ನಮ್ಮ ಬಾಯಲ್ಲಿ ಉರುಳಿದ್ದು ನಮ್ಮದೇ.

ಕು. ಅವರೇ, ನೀವು ಬರಿ 'ನಟ' ಎನ್ನಿ. ಗ್ರಹಾಂ ಮುಖ ಮುಚ್ಚಿಕೊಂಡು ಬಾಳಿದವರಲ್ಲ. ಅದೇ ಡಾಕ್ಟರ್ ಹೂವಿನಲ್ಲಿ (ಈ ಹೂವು ಯಾವ ಗಿಡದ್ದೋ!) 1966ರಲ್ಲಿ ಸಾರಾಯಿ ಅಂಗಡಿಯವನಾಗಿ, 1979ರಲ್ಲಿ ಕೆರೆನ್ಸ್ಕಿ ಎಂಬ ವಿಜ್ಞಾನಿಯಾಗಿ ತೆರೆಯ ಮೇಲೇ ಬಂದಿದ್ದಾರೆ.

– ನಾ., ಧಾರವಾಡ

*

ಯಾರೂ 'ಡಬ್ಬಿಂಗ್ ಕಲಾವಿದ' ಎನ್ನಲಿಲ್ಲ, ಗಮನಿಸಿದಿರಾ? ಎಲ್ಲರ ಬಾಯಲ್ಲೂ ಇರುವ ಪದ ಅದೇ. ಅರ್ಧ ಶತಮಾನ ಡಬ್ಬಿಂಗ್ ಬಾರದಂತೆ ತಡೆದ ನಾಡು ನಮ್ಮದು. 2015ರಲ್ಲಿ ಸ್ಪರ್ಧಾ ಆಯೋಗ (ವ್ಯಾಪಾರದ ಪೈಪೋಟಿಗೆ ಅಡ್ಡಿ ಬಾರದಂತೆ ನೋಡುವ ಕೇಂದ್ರದ ಸಂಸ್ಥೆ) ಆ ತಡೆ ತಪ್ಪೆಂದಿತು. ಆದರೂ ಪದಕ್ಕೆ ಅಂಟಿದ ಮೈಲಿಗೆ ಹೋಗಿಲ್ಲ. ಬಸ್ಸು, ಕಾರು, ಸಿನಿಮಾ ಬೇಕು. ಡಬ್ಬಿಂಗ್ ಮಾತ್ರ ಬೇಡ.

– ವಿ.

*

ದಯವಿಟ್ಟು ಆ ಬಾವಿ ತೋಡಬೇಡಿ. ಕಳೆದ ಸಲ ಇನ್ನೂರು ಓಲೆ ಬಂದವು. ಒಂದರಲ್ಲೂ ಹೊಸ ಮಾತಿರಲಿಲ್ಲ.

– ರಾ.

*

ಇನ್ನೊಂದು ತೊಡಕು. ಬೈಯಬೇಡಿ. ಪಾರ್ಕರ್ ದನಿಯ ಕಥೆ ಬರೆಯದೆ ಬಿಡಲು ಮನಸ್ಸಿಲ್ಲ. ಸರಣಿ ಮಾಡಿದ ಗೆರ್ರಿ ಆಂಡರ್ಸನ್, ಗ್ರಹಾಂ ಅವರನ್ನು ಕುಕಂ ಎಂಬ ಊರಿನ ಹೋಟೆಲಿಗೆ ಊಟಕ್ಕೆ ಕರೆದುಕೊಂಡು ಹೋದರು. ಊಟ ನೆಪ. ಅಲ್ಲಿ ವೈನ್ ಬಡಿಸುವವನೊಬ್ಬ ಹಿಂದೆ ಅರಮನೆಯ ಚಾಕರಿಯಲ್ಲಿದ್ದವನು. ಇರಬೇಕಾದ ಕಡೆ ಹಕಾರ ನುಂಗಿ, ಇಲ್ಲದ ಕಡೆ ಸೇರಿಸಿ ಮಾತಾಡುತ್ತಿದ್ದ. ಗ್ರಹಾಂ ಸುಮ್ನೆ ಕೇಳಿಸಿಕೊಂಡು ಬಂದು ಪಾರ್ಕರ್‌ಗೆ ಆ ಮಾತನ್ನೇ ಕೊಟ್ಟರು. ಇದನ್ನು ಕನ್ನಡದಲ್ಲಿ ಹೇಗೆ ತರಲಿ? 'ಆಲು ಕುಡಿದೆ' ಎನ್ನಿಸಲೇ?

– ಕು.

*

ಅಂದರೆ ಡ್ರೈವರಿಗೆ ನಮ್ಮ ಕಡೆಯ ಮಾತು ಹಚ್ಚುತ್ತೀರಿ. ನಾಟಕದಲ್ಲಿ ಆಳು, ಕಳ್ಳ, ಪೆದ್ದ ಎಂದರೆ ಹಳ್ಳಿಯ ನುಡಿ. ಸಾಕು ಮಾಡಿ.

– ಮಂ., ಮಂಡ್ಯ

*

ಮಂ. ಅವರ ಸಿಟ್ಟು ನ್ಯಾಯವಾದದ್ದು. ಅದಕ್ಕಿಂತ ಹೆಚ್ಚಾಗಿ, 'ಆಲು' ಇಲ್ಲಿ ತಪ್ಪು ಅನುವಾದ. ಪಾರ್ಕರ್ ಹಳ್ಳಿಯವನಲ್ಲ. ದೊಡ್ಡವರ ಹಾಗೆ ಮಾತಾಡಲು ಹೊರಟು ಜಾರುವವನು. ನಮ್ಮಲ್ಲೂ ಅವನಿದ್ದಾನೆ. ಸನ್ಮಾನದ ವೇದಿಕೆಯಲ್ಲಿ 'ನಿಮ್ಮ ಹಾದರಕ್ಕೆ ಋಣಿ' ಎಂದು ಆದರವನ್ನು ಕೆಡಿಸುವವನು, ನಗುವ ಹುಡುಗರ ಮುಂದೆ 'ಧೀಪ' ಹಚ್ಚುವವನು. ಹಕಾರ ಕಸಿಯಬೇಡಿ, ಜಾಸ್ತಿ ಕೊಡಿ. ಒಡತಿ ಕರೆದಾಗಲೆಲ್ಲ ಅವನು ಹೇಳುವ ಮಾತು ಹೀಗಿರಲಿ: 'ಹಾಗಲಿ, ಹಮ್ಮಾವ್ರೇ.'

– ನಾ.

*

ನಾ. ಮೇಷ್ಟ್ರೇ, ಆ ಸಾಲನ್ನು ಹಾಗೇ ಎತ್ತಿಕೊಂಡೆ. ಪುಟ ಈಗಷ್ಟೇ ಹೋಯಿತು. ನಾಮಪದದ ಗೊಡವೆಯೇ ಬೇಡವೆಂದು ಕ್ರಿಯಾಪದ ಹಿಡಿದೆ: 'ಬೊಂಬೆಗೆ ದನಿಯಾದ ಗ್ರಹಾಂ'. ಎಲ್ಲರಿಗೂ ಥ್ಯಾಂಕ್ಸ್.

– ಕು.

*

ಕೊರಳಾದ.

– ಶಂ.