ಗೆಣಸು, ಬಟಾಟಿ, ಸಾಬುದಾಣಿ: ಆಹಾರ ವಿಜ್ಞಾನಿಗೆ ನಮ್ಮ ಪ್ರಶ್ನೆಗಳು

ಆಹಾರ ವಿಜ್ಞಾನಿ, ಬೆಳಗಾವಿ: ಗಡ್ಡೆಗಳ ಪಿಷ್ಟವೇ ನನ್ನ ಸಂಶೋಧನೆಯ ವಿಷಯ. ಗೆಣಸು, ಬಟಾಟಿ, ಮರಗೆಣಸುಗಳ ಬಗ್ಗೆ ಕೇಳಿರಿ.

ಸದಸ್ಯ, ಗೋಕಾಕ: ಮೇಡಂ, ಗೆಣಸು ತಿಂದರೆ ಸಕ್ಕರೆ ಕಾಯಿಲೆಯ ಗುಳಿಗೆಯೇ ಬೇಕಾಗಿಲ್ಲ ಎಂಬ ಸಂದೇಶ ಬಂದಿದೆ. ನಿಜವೇ?

ವಿಜ್ಞಾನಿ: ನಿಜವಲ್ಲ. ಕುದಿಸಿದ ಗೆಣಸನ್ನು ರೊಟ್ಟಿಯ ಬದಲಿಗೆ ಮಿತವಾಗಿ ತಿನ್ನಬಹುದು, ರೊಟ್ಟಿಯ ಜೊತೆಗಲ್ಲ. ಕೆಂಡದಲ್ಲಿ ಸುಟ್ಟದ್ದು ಸಕ್ಕರೆಯನ್ನು ಇನ್ನೂ ಬೇಗ ಏರಿಸುತ್ತದೆ. ಗುಳಿಗೆ ನಿಲ್ಲಿಸಬೇಡಿರಿ.

ಸದಸ್ಯೆ, ಇಂಡಿ: ಮೇಡಂ, ಮಗನಿಗೆ ಹತ್ತು ತಿಂಗಳು. ಹೊಟ್ಟೆಗೆ ಹಗುರವೆಂದು ಅತ್ತೆಯವರು ಹೇಳಿದ್ದರಿಂದ ಎರಡು ತಿಂಗಳಿನಿಂದ ಸಾಬುದಾಣಿ ಗಂಜಿಯನ್ನೇ ದಿನಕ್ಕೆ ನಾಲ್ಕು ಸಲ ಕೊಡುತ್ತಿದ್ದೇವೆ. ಎದೆಹಾಲು ರಾತ್ರಿ ಮಾತ್ರ. ಮುಖ ದುಂಡಗಾಗಿದೆ, ಪಾದಗಳೂ ತುಂಬಿಕೊಂಡಿವೆ, ಆದರೆ ಆಟದಲ್ಲಿ ಮನಸ್ಸಿಲ್ಲ, ಸದಾ ಅಳುತ್ತಾನೆ. ಗಂಜಿಗೆ ಏನಾದರೂ ಬೆರೆಸಬೇಕೇ?

ವಿಜ್ಞಾನಿ: ತಂಗಿ, ಮೊದಲು ಒಂದು ಕೆಲಸ ಮಾಡು. ಕೂಸಿನ ಎರಡೂ ಪಾದಗಳ ಮೇಲ್ಭಾಗವನ್ನು ಹೆಬ್ಬೆರಳಿನಿಂದ ಮೂರು ಸೆಕೆಂಡು ಮೆಲ್ಲಗೆ ಒತ್ತಿ ಬಿಡು. ಕುಳಿ ಹಾಗೆಯೇ ಉಳಿದರೆ ಅದು ಮೈ ತುಂಬಿದ್ದಲ್ಲ, ನೀರು ತುಂಬಿದ್ದು. ತೀವ್ರ ಅಪೌಷ್ಟಿಕತೆಯ ಗುರುತು. ಹಾಗಿದ್ದರೆ ನಾಳೆಯವರೆಗೆ ಕಾಯದೆ ಇಂದೇ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗು. ಸಾಬುದಾಣಿ ಧಾನ್ಯವಲ್ಲ. ಮರಗೆಣಸಿನ ಗಡ್ಡೆಯನ್ನು ಅರೆದು, ನೀರಿನಲ್ಲಿ ತೊಳೆದು, ತಳಕ್ಕೆ ಇಳಿದ ಪಿಷ್ಟವನ್ನಷ್ಟೇ ಹರಳು ಕಟ್ಟಿ ಒಣಗಿಸಿದ ಪದಾರ್ಥ ಅದು. ಹೆಚ್ಚಿನದು ತಮಿಳುನಾಡಿನ ಸೇಲಂ ಕಡೆಯಿಂದ ಬರುತ್ತದೆ. 100 ಗ್ರಾಂ ಸಾಬುದಾಣಿಯಲ್ಲಿ ಒಂದು ಗ್ರಾಮಿನಷ್ಟೂ ಪ್ರೋಟೀನ್ ಇರುವುದಿಲ್ಲ. ಪಿಷ್ಟವು ಬೇಯುವಾಗ ನೀರು ಕುಡಿದು ಉಬ್ಬುವುದರಿಂದ ಬಟ್ಟಲಿನ ತುಂಬ ಗಂಜಿ ಕಂಡರೂ ಅದರಲ್ಲಿ ಬಹುಪಾಲು ನೀರೇ ಇರುತ್ತದೆ, ಕೂಸಿನ ಪುಟ್ಟ ಹೊಟ್ಟೆ ತುಂಬುತ್ತದೆಯೇ ಹೊರತು ಮೈಗೆ ಏನೂ ಸಿಗುವುದಿಲ್ಲ. ಆರು ತಿಂಗಳ ನಂತರ ಎದೆಹಾಲಿನ ಜೊತೆಗೆ ಬೇಳೆ, ತತ್ತಿ, ಸೊಪ್ಪು, ತುಪ್ಪ ಬೇಕೇ ಬೇಕು. ಆದರೆ ಪಾದ ಊದಿದ ಕೂಸಿಗೆ ಮನೆಯಲ್ಲಿಯೇ ಒಮ್ಮೆಲೆ ಇವನ್ನೆಲ್ಲ ತುಂಬುವುದು ಅಪಾಯ, ಅಂಥ ಕೂಸಿನ ಊಟವನ್ನು ವೈದ್ಯರೇ ನಿರ್ಧರಿಸಬೇಕು. ಕುಳಿ ಉಳಿಯಿತೋ ಇಲ್ಲವೋ ಬರೆ.

ಸದಸ್ಯೆ, ಜಮಖಂಡಿ: ನಾವೆಲ್ಲ ಸಾಬುದಾಣಿ ಗಂಜಿ ಕುಡಿದೇ ಬೆಳೆದವರು. ಹಿರಿಯರನ್ನು ತಪ್ಪಿತಸ್ಥರನ್ನಾಗಿ ಮಾಡಬೇಡಿರಿ.

ಸದಸ್ಯ, ಅಥಣಿ: ಅಕ್ಕಾ, ನೀವು ಗಂಜಿಯ ಜೊತೆ ಎಮ್ಮೆ ಹಾಲು, ಬೇಳೆಕಟ್ಟು ಕುಡಿದದ್ದನ್ನು ಮರೆತಿದ್ದೀರಿ. ತಂಗಿ, ಜೋಳವನ್ನು ಮೊಳಕೆ ಕಟ್ಟಿ, ಹಿಟ್ಟು ಮಾಡಿ ಕೊಡು, ಶಕ್ತಿ ಬರುತ್ತದೆ.

ಸದಸ್ಯೆ, ಜಮಖಂಡಿ: ನಮ್ಮ ಮನೆಯ ಎಮ್ಮೆಯ ಲೆಕ್ಕ ನಿಮಗೆ ಬೇಡ.

ವಿಜ್ಞಾನಿ: ಜೋಳದ ಮೊಳಕೆ ಕೂಸಿಗೆ ಬೇಡ. ಮೊಳೆತ ಜೋಳದ ಕುಡಿ ಮತ್ತು ಬೇರಿನಲ್ಲಿ ಧುರಿನ್ ಎಂಬ ವಸ್ತುವಿದ್ದು, ಅದರಿಂದ ಸಯನೈಡ್ ಬಿಡುಗಡೆಯಾಗುತ್ತದೆ. ಕಹಿ ಮರಗೆಣಸಿನ ವಿಷವೂ ಇದೇ ಜಾತಿಯದು. ಕೂಸು ಚೇತರಿಸಿಕೊಂಡ ಮೇಲೆ ರಾಗಿಯ ಮೊಳಕೆ ಹಿಟ್ಟು ಬಳಸಬಹುದು. ಅದರ ಅಮೈಲೇಸ್ ಕಿಣ್ವವು ಪಿಷ್ಟವನ್ನು ಒಡೆದು ಗಟ್ಟಿ ಗಂಜಿಯನ್ನು ತೆಳ್ಳಗೆ ಮಾಡುವುದರಿಂದ, ನೀರು ಸುರಿಯದೆಯೇ ಹೆಚ್ಚು ಹಿಟ್ಟು ಕೂಸಿನ ಹೊಟ್ಟೆ ಸೇರುತ್ತದೆ.

ಸದಸ್ಯ, ಖಾನಾಪುರ: ನಾವು ಗೆಣಸು ಬೆಳೆಯುವವರು. ಕೇಸರಿ ತಿರುಳಿನ ‘ಭೂ ಸೋನಾ’ ತಳಿ ಹಚ್ಚಿದರೆ ಬೆಳಗಾವಿ ಮಾರುಕಟ್ಟೆಯಲ್ಲಿ ಯಾರು ಕೊಳ್ಳುತ್ತಾರೆ? ಬಳ್ಳಿಯ ತುಂಡುಗಳು ಎಲ್ಲಿ ಸಿಗುತ್ತವೆ?

ಸದಸ್ಯ, ಬೆಳಗಾವಿ: ಶಿವರಾತ್ರಿಗೆ ಗಿರಾಕಿಗಳು ಕೇಳುವುದು ಕೆಂಪು ಸಿಪ್ಪೆಯ ಬಿಳಿ ಗೆಣಸನ್ನೇ.

ಸದಸ್ಯ, ಖಾನಾಪುರ: ಗಿರಾಕಿಗಳಿಗೆ ತೋರಿಸದೆಯೇ ಬೇಡವೆನ್ನುವವರು ನಿಮ್ಮಂಥ ದಲಾಲರು.

ವಿಜ್ಞಾನಿ: ತಿರುವನಂತಪುರದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಯ ತಳಿ ಅದು. 100 ಗ್ರಾಮಿನಲ್ಲಿ ಸುಮಾರು 14 ಮಿಲಿಗ್ರಾಂ ಬೀಟಾ ಕ್ಯಾರೋಟಿನ್, ಅಂದರೆ ಮೈಯಲ್ಲಿ ವಿಟಮಿನ್ ಎ ಆಗುವ ಕೇಸರಿ ಬಣ್ಣದ ವಸ್ತು, ಇದೆ. ಬಿಳಿ ಗೆಣಸಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ದರದ ಜಗಳ ಇಲ್ಲಿ ಬೇಡ.

ಸದಸ್ಯೆ, ಬಾಗಲಕೋಟೆ: ಖಾಲಿ ಹೊಟ್ಟೆಯಲ್ಲಿ ಹಸಿ ಬಟಾಟಿ ರಸ ಕುಡಿದರೆ ಆಮ್ಲಪಿತ್ತ ಹೋಗುತ್ತದೆಯೆಂಬ ವಿಡಿಯೋ ಕಳಿಸಿದ್ದೇನೆ, ನೋಡಿರಿ.

ವಿಜ್ಞಾನಿ: ನೋಡುವುದಿಲ್ಲ. ಹಸಿರುಗಟ್ಟಿದ ಮತ್ತು ಮೊಳಕೆಯೊಡೆದ ಬಟಾಟಿಯಲ್ಲಿ ಸೋಲನಿನ್ ಎಂಬ ವಿಷವಿರುತ್ತದೆ, ಅದು ಕುದಿಸಿದರೂ ಹೋಗುವುದಿಲ್ಲ. ಇಂಥ ವಿಡಿಯೋ ಹಂಚುವ ಮೊದಲು ಅದನ್ನು ನಂಬಿ ಕುಡಿಯುವವರ ಬಗ್ಗೆ ಯೋಚಿಸಿರಿ.

ಸದಸ್ಯ, ಮುಧೋಳ: ಸುವರ್ಣಗಡ್ಡೆಯಿಂದ ಮೂಲವ್ಯಾಧಿ ವಾಸಿಯಾಗುತ್ತದೆಯೇ?

ಸದಸ್ಯ, ಸಿಂದಗಿ: ಮೇಡಂ, ಸಕ್ಕರೆ ಕಾಯಿಲೆಯವರು ಗೆಣಸು ತಿನ್ನಬಹುದೇ?

ವಿಜ್ಞಾನಿ: ಮೇಲೆ ಬರೆದಿದ್ದೇನೆ, ಓದಿರಿ. ಇಂಡಿಯ ತಂಗಿ, ಉತ್ತರಕ್ಕೆ ಕಾಯುತ್ತಿದ್ದೇನೆ.

ಸದಸ್ಯೆ, ಜಮಖಂಡಿ: ಸುಮ್ಮನೆ ತಾಯಿಯನ್ನು ಹೆದರಿಸಿದಿರಿ.

ಸದಸ್ಯೆ, ಇಂಡಿ: ಎರಡೂ ಪಾದಗಳಲ್ಲಿ ಕುಳಿ ಉಳಿಯಿತು, ಮೇಡಂ. ಅತ್ತೆಯವರೂ ನೋಡಿದರು. ವಿಜಯಪುರಕ್ಕೆ ಹೊರಟಿದ್ದೇವೆ.

ವಿಜ್ಞಾನಿ: ತಾಯಿ ಕಾರ್ಡು ಜೊತೆಯಲ್ಲಿರಲಿ. ದಾರಿಯಲ್ಲಿ ಎದೆಹಾಲು ಕೊಡುತ್ತ ಹೋಗು, ಮೈ ತಣ್ಣಗಾಗದಂತೆ ಹೊದಿಸು. ಅಪೌಷ್ಟಿಕ ಮಕ್ಕಳ ಪುನಶ್ಚೇತನ ಕೇಂದ್ರ ಎಲ್ಲಿದೆಯೆಂದು ಒಳಗೆ ಹೋದ ಕೂಡಲೇ ಕೇಳು.