ಇಬ್ರೂ ಕೆಲಸಕ್ಕ ಹೋಗತೀವಿ, ಎರಡು ಸಣ್ಣ ಮಕ್ಕಳು: ಚಳಿಗಾಲದಾಗ ಮನಿ ಅಡಿಗಿ ಹೆಂಗ ಹೊಂದಿಸತೀರಿ?

ಗುಬ್ಬಿಗೂಡು, ಹುಬ್ಬಳ್ಳಿ:

ಎಲ್ಲಾರಿಗೂ ನಮಸ್ಕಾರ್ರಿ. ಮಗಳಿಗೆ ಮೂರ ವರ್ಷ, ಸಣ್ಣಾವಗ ಈಗ ಹತ್ತ ತಿಂಗಳು. ಮೊದಲು ಅತ್ತಿಯವರು ಇದ್ರು, ಅಡಿಗಿಮನಿ ಅವರ ಕೈಯಾಗಿತ್ತು, ಅವರು ಊರಿಗೆ ಹೋದಮ್ಯಾಲೆ ನಮ್ಮ ಅಡಿಗಿ ಅಂದ್ರ ಪಾಕೀಟಿನ ಮಸಾಲಿ, ಪಾಕೀಟಿನ ಹಿಟ್ಟು, ವಾರದಾಗ ಮೂರ ದಿನ ಅದ ಟೊಮ್ಯಾಟೊ ಸಾರು ಅನ್ನ. ಮಗಳು ಹಸರು ಕಂಡ್ರ ತಾಟ ದೂಡತಾಳ. ಮೊನ್ನೆ ಜನತಾ ಬಜಾರಕ್ಕ ಹೋದ್ರ ಕಡ್ಲಿ ತಪ್ಪಲ, ಮೆಂತೆ, ಹಕ್ಕರಕಿ, ಉಳ್ಳಾಗಡ್ಡಿ ತಪ್ಪಲ ರಾಶಿ ರಾಶಿ ಬಂದಿತ್ತು, ನೋಡಿ ಎಷ್ಟ ಆಸೆ ಆತು ಅಂದ್ರ, ಆದ್ರ ತಗೊಂಡು ಏನ ಮಾಡ್ಲಿ ತಿಳೀಲಿಲ್ಲ, ಒಂದ ಸಿವುಡು ಮೆಂತೆ ಹಿಡಕೊಂಡು ಬಂದೆ. ಜೋಳದ ರೊಟ್ಟಿ ಬಡ್ಯಾಕ ಕುಂತ್ರ ಅಂಚಿನಾಗ ಹರದು ಹರದು ಬರ್ತಾವು. ಕೂಸಿಗೆ ಬ್ಯಾರೆ, ಮಗಳಿಗೆ ಬ್ಯಾರೆ, ನಮಗ ಬ್ಯಾರೆ ಮಾಡೂದ್ರಾಗ ರಾತ್ರಿ ಒಂಬತ್ತಾಗ್ತೈತಿ. ಈ ಸೀಸನ್ನಿನ ಅಡಿಗಿ ಮಕ್ಕಳ ಬಾಯಿಗೆ ಹತ್ತಬೇಕು, ನನ್ನ ಕೈಲೇನೂ ಆಗಬೇಕು. ಎಲ್ಲಿಂದ ಶುರು ಮಾಡ್ಲಿರಿ?

ಮಾಳಮಡ್ಡಿ ಕಾಕೂ, ಧಾರವಾಡ:

ತಂಗಿ, ಮೂರು ಅಡಿಗಿ ಮಾಡಬ್ಯಾಡವಾ. ಒಂದ ಅಡಿಗಿ ಮಾಡು, ಮೂರು ಸಲ ತಗಿ. ನಾ ಇಬ್ಬರ ಮೊಮ್ಮಕ್ಕಳನ್ನ ಹಿಂಗ ಉಣಿಸಿ ಬೆಳಿಸೇನಿ. ಕುಕ್ಕರಿನ್ಯಾಗ ಹೆಸರಬ್ಯಾಳಿ, ಒಂದ ಮುಷ್ಟಿ ಅಕ್ಕಿ, ಹೆಚ್ಚಿದ ಮೆಂತೆ, ಒಂದ ಗಜ್ಜರಿ ಹಾಕಿ ಮೆತ್ತಗ ಕುದಿಸು. ಮುಚ್ಚಳ ತಗದ ಕೂಡಲೆ ಉಪ್ಪು ಹಾಕೂಕಿಂತ ಮೊದಲ ಕೂಸಿನ ಪಾಲು ತಗದು, ಚಮಚಾದಾಗ ಹಿಸುಕಿ, ತುಪ್ಪ ಹಾಕಿ ಇಡು. ವರ್ಷ ತುಂಬೋತನಕ ಅದಕ್ಕ ಉಪ್ಪು, ಬೆಲ್ಲ ಏನೂ ಬ್ಯಾಡ, ಜೇನುತುಪ್ಪ ಅಂತೂ ಮುಟ್ಟಿಸಲೇಬ್ಯಾಡ. ಆಮ್ಯಾಲೆ ಉಪ್ಪು ಹಾಕಿ ದೊಡ್ಡಾಕಿ ಪಾಲು ತಗಿ. ಉಳದಿದ್ದಕ್ಕ ಬಳ್ಳೊಳ್ಳಿ, ಜೀರಗಿ, ಹಸಿಮೆಣಸಿನಕಾಯಿ ಒಗ್ಗರಣಿ ಕೊಟ್ರ ನಿಮ್ಮಿಬ್ಬರದು ಆತು. ಮೆಂತೆ ಕಹಿ ಅಂತಾಳ ಅಂದ್ರ ಬರೇ ಎಲಿ ಬಿಡಿಸು, ಕಡ್ಡಿ ಬಿಡು, ಶುರುವಾತಿಗೆ ನಾಕ ಎಲಿನ ಸಾಕು.

ರೊಟ್ಟಿ ಹರಿಯೂದು ನಿನ್ನ ಕೈಯ ತಪ್ಪಲ್ಲ, ಹಿಟ್ಟಿಂದು. ಜೋಳದಾಗ ಗೋದಿಹಂಗ ಜಿಗಿ ಇರೂದಿಲ್ಲ, ಹಳೇ ಹಿಟ್ಟಾತಂದ್ರ ಇದ್ದದ್ದೂ ಹೋಗ್ತದ. ಪಾಕೀಟಿನ ಹಿಟ್ಟು ಯಾವಾಗ ಬೀಸಿದ್ದೋ ಏನೋ. ಬಿಳಿಜೋಳ ತಗೊಂಡು ಗಿರಣ್ಯಾಗ ಎರಡ ಎರಡ ಕಿಲೋ ಬೀಸಿಸು, ಹದಿನೈದ ದಿನದಾಗ ಮುಗಿಸು. ಎರಡ ಬಟ್ಟಲ ಹಿಟ್ಟಿಗೆ ಸುಮಾರು ಒಂದೂವರಿ ಬಟ್ಟಲ ಎಸರು. ನೀರು ಕೊತಕೊತ ಕುದಿಬೇಕು, ಬರೇ ಬೆಚ್ಚಗಾದ್ರ ಸಾಲೂದಿಲ್ಲ, ಆ ಕುದಿಗೇನ ಹಿಟ್ಟು ಅಂಟ ಬರ್ತದ. ಹಿಟ್ಟಿನ ನಡುವ ಗುಂಡಿ ಮಾಡಿ ಎಸರು ಹಾಕಿ, ಸೌಟಿಲೆ ಕಲಸಿ, ಐದ ನಿಮಿಷ ಮುಚ್ಚಿಡು, ಕೈ ತಡಕೊಳ್ಳೂವಷ್ಟು ಬಿಸಿ ಇದ್ದಾಗ ಅಂಗೈ ಬುಡದಿಂದ ಚೊಲೋತಂಗ ನಾದು. ಎಲ್ಲಾ ಹಿಟ್ಟು ಒಮ್ಮೆ ನಾದಬ್ಯಾಡ, ಒಂದೊಂದ ರೊಟ್ಟಿಗೆ ಆಗೂವಷ್ಟ ತಗೊಂಡು ಮತ್ತ ನಾದು. ಹಂಚಿಗೆ ಹಾಕಿದ ಮ್ಯಾಲೆ ಒದ್ದಿ ಅರಿವಿಲೆ ಮ್ಯಾಲ ನೀರ ಹಚ್ಚು, ನೀರು ಆರಿದ ಕೂಡಲೆ ತಿರುವು, ತಡ ಮಾಡಿದ್ರ ಬಿರಿತದ.

ಎರಿಹೊಲ, ಗದಗ:

ಕಾಕೂ ಹೇಳಿದ್ದು ಖರೆ. ನಾ ಕಡ್ಲಿ ತಪ್ಪಲದ ಬಗ್ಗೆ ಹೇಳ್ತೀನ್ರಿ, ನಮ್ಮ ಹೊಲದಾಗ ಈಗ ಅದರ ಕೆಲಸಾನ ನಡದೈತಿ. ಗಿಡ ಹೂ ಬಿಡೂಕಿಂತ ಮೊದಲು ಕುಡಿ ಚಿವುಟತೀವಿ, ಚಿವುಟಿದಷ್ಟೂ ಟೊಂಗಿ ಒಡೀತಾವು, ಕಾಯಿ ಹೆಚ್ಚಾಕ್ಕಾವು, ನಮಗೂ ಪಲ್ಯೆ ಸಿಕ್ತು. ಅದರ ಹುಳಿ ಎಲಿ ಮ್ಯಾಲ ಕುಂತಿರ್ತೈತಿ, ಮುಂಜಾನೆ ಇಬ್ಬನ್ಯಾಗ ಹೊಲ ಅಡ್ಡಾಡಿ ಬಂದು ಬೆರಳ ನೆಕ್ಕಿದ್ರ ಹುಳಿ ಹತ್ತತೈತಿ, ನಮ್ಮ ಅಮ್ಮ ಅಂದ್ರ ತಂದಿ ತಾಯಿ, ರಾತ್ರಿ ಗಿಡದ ಮ್ಯಾಲ ಬಿಳಿ ಅರಿವಿ ಹಾಸಿ ಮುಂಜಾನೆ ಹಿಂಡಿ ಆ ಹುಳಿ ಶೀಸೆದಾಗ ತುಂಬಿ ಇಡ್ತಿದ್ಲು, ಹೊಟ್ಟಿ ನೋವಿಗೆ ಅಂತ. ಹೊಲದಿಂದ ತಂದ್ರ ನಾವು ತೊಳಿಯೂದಿಲ್ಲ. ಆದ್ರ ನೀವು ಬಜಾರದಾಗ ತಗೊಳ್ಳೋರು, ಔಷಧಿ ಹೊಡದಿರ್ತಾರ, ಮಕ್ಕಳು ಉಣ್ಣೂ ಮನಿ, ಎರಡ ಸಲ ತೊಳೀರಿ, ಹುಳಿ ಕಮ್ಮಿ ಆದ್ರ ಆಗಲಿ.

ಮಾಡೂದು ಸರಳ ಐತ್ರಿ. ತೊಗರಿಬ್ಯಾಳಿ, ಸ್ವಲ್ಪ ಜೋಳದ ನುಚ್ಚು, ಹೆಚ್ಚಿದ ತಪ್ಪಲ ಕೂಡಿಸಿ ಕುದಿಸಿ ಕಡಗೋಲಿಲೆ ಮಸದು ಬಳ್ಳೊಳ್ಳಿ ಒಗ್ಗರಣಿ. ಮಗಳಿಗೆ ಮಸರು ಕಲಸಿ ಕೊಡ್ರಿ, ಹಸರು ಬಣ್ಣ ಮರೀತಾಳ. ಹೆಚ್ಚ ತಂದ್ರ ನೆಳ್ಳಾಗ ಒಣಗಿಸಿ ಡಬ್ಬಿಗೆ ಹಾಕಿಡ್ರಿ, ಬ್ಯಾಸಗ್ಯಾಗ ತಪ್ಪಲ ಸಿಗಲಾರದಾಗ ಉಪಯೋಗ ಆಕ್ಕೈತಿ.

ಅಪ್ಪನ ಅಡಿಗಿ, ಹಾವೇರಿ:

ಅಕ್ಕಾರ, ನಮ್ಮನ್ಯಾಗ ಅಡಿಗಿ ನಂದು, ಮನಿಯವರಿಗೆ ಶಿಫ್ಟ್ ಡ್ಯೂಟಿ. ದಿನಾ ರೊಟ್ಟಿ ಬಡಿಯೂದು ಕೆಲಸಕ್ಕ ಹೋಗೋರಿಗೆ ಆಗೂದಿಲ್ಲ, ಈ ಮಾತಿಗೆ ಕಾಕೂ ಬೈದ್ರೂ ಸರಿ. ರವಿವಾರ ಇಪ್ಪತ್ತ ರೊಟ್ಟಿ ತೆಳ್ಳಗ ಬಡದು ಗರಿಗರಿ ಒಣಗಿಸಿ ಬುಟ್ಟ್ಯಾಗ ಇಡ್ತೀನಿ, ಕಟಕ ರೊಟ್ಟಿ ತಿಂಗಳಾದ್ರೂ ಕೆಡೂದಿಲ್ಲ. ಸಣ್ಣ ಹುಡುಗರಿಗೆ ಮುರದು ಬ್ಯಾಳಿ ಸಾರಿನ್ಯಾಗ ಪೂರಾ ಮೆತ್ತಗಾಗೂವಂಗ ನೆನಿಸಿ ಕೊಡ್ರಿ, ಒಣಾದು ಕೊಡಬ್ಯಾಡ್ರಿ. ಅದ ರವಿವಾರ ಗುರೆಳ್ಳು ಪುಡಿ, ಶೇಂಗಾ ಪುಡಿ ಕುಟ್ಟಿ ಇಟ್ರ ವಾರಪೂರ್ತಿ ಪಚಡಿಗೆ ಆತು: ಮೂಲಂಗಿ, ಗಜ್ಜರಿ ಹೆರದು ಮ್ಯಾಲ ಪುಡಿ ಉದುರಿಸೂದು. ಮಕ್ಕಳ ಪುಡಿಗೆ ಖಾರ ಹಾಕದ ಬ್ಯಾರೆ ಡಬ್ಬಿ. ಇಡೀ ಶೇಂಗಾ ಮಾತ್ರ ಐದ ವರ್ಷದ ಒಳಗಿನ ಹುಡುಗರ ಕೈಗೆ ಕೊಡಬ್ಯಾಡ್ರಿ, ಗಂಟಲಕ್ಕ ಸಿಗ್ತಾವು. ಬ್ಯಾಡಗಿ ಕಡೆ ಹಣ್ಣ ಮೆಣಸಿನಕಾಯಿ ಬರಾಕತ್ತಿದ ಮ್ಯಾಲೆ ರಂಜಕ, ಅಂದ್ರ ಹಣ್ಣ ಮೆಣಸಿನಕಾಯಿ ಚಟ್ನಿ, ಹಾಕೂದು ಬರೀತೀನಿ.

ಗುಬ್ಬಿಗೂಡು, ಹುಬ್ಬಳ್ಳಿ:

ಹನ್ನೆರಡ ದಿನ ಆದಮ್ಯಾಲೆ ಬರ್ಯಾಕತ್ತೀನಿ, ಎಲ್ಲಾರಿಗೂ ಕೈ ಮುಗೀತೀನಿ. ಹೊಸಾ ಹಿಟ್ಟಿಲೆ ಮೊದಲ್ನೇ ದಿನ ಆರ ರೊಟ್ಟಿಯೊಳಗ ನಾಕು ಉಬ್ಬಿದ್ವು, ಯಜಮಾನ್ರು ನಿಂತಲ್ಲೇ ಎರಡ ತಿಂದ್ರು. ಕಡ್ಲಿ ತಪ್ಪಲ ಬಿಡಿಸಾಕ ಮಗಳನ್ನ ಬಾಜೂಕ ಕುಂದ್ರಿಸಿಕೊಂಡಿದ್ದೆ, ಒಂದೊಂದ ಎಲಿ ಕಿತ್ತು ನಾಲಗಿಗೆ ಹಚ್ಚಿ ಕಣ್ಣ ಮುಚ್ಚಿ "ಹುಳೀ" ಅಂತ ಮತ್ತೊಂದ ಕೀಳತಿದ್ಲು, ತೊಳದ ಎಲಿನ ಕೊಟ್ಟಿದ್ದೆ ಕಾಕೂ, ಗದಗಿನ ಅಕ್ಕಾರ ಹೇಳಿದಂಗ. ರಾತ್ರಿ ಮಸರು ಕಲಸಿದ್ದು ಅರ್ಧಾ ಬಟ್ಟಲ ಉಂಡ್ಲು. ಮೂರು ಸಲ ತಗಿಯೂದ್ರಿಂದ ಎಂಟ ಗಂಟೆಕ್ಕ ಎಲ್ಲಾರದೂ ಊಟ ಮುಗದಿರ್ತೈತಿ.

ಇನ್ನೊಂದ ಕೇಳೂದಿತ್ತು. ಯಳ್ಳ ಅಮಾಸಿಗೆ ಊರಿಗೆ ಹೊಂಟೀವಿ, ಚರಗಾ ಚೆಲ್ಲಾಕ, ಅಂದ್ರ ಹೊಲದಾಗ ಭೂಮಿತಾಯಿಗೆ ಎಡಿ ಚೆಲ್ಲಾಕ. ಸಜ್ಜಿ ರೊಟ್ಟಿ ನಾನ ಬಡದು ಅತ್ತಿಯವರಿಗೆ ಒಯ್ಯಬೇಕು ಅಂತ ಮನಸ್ಸು. ಸಜ್ಜಿ ಹಿಟ್ಟಿಗೂ ಎಸರು ಇಷ್ಟ ಬೇಕೇನ್ರಿ?

ಮಾಳಮಡ್ಡಿ ಕಾಕೂ, ಧಾರವಾಡ:

ಎಸರು ಹಂಗ ಇಡವಾ, ಆದ್ರ ಸಜ್ಜಿ ಹಿಟ್ಟು ಇನ್ನೂ ಲಗೂನ ಕಹಿ ಆಗ್ತದ, ಹೋಗೂ ಹಿಂದಿನ ದಿನಾನ ಬೀಸಿಸು. ಬಡದು ಮುಗಿಯೂ ಮುಂದ ಮ್ಯಾಲ ಎಳ್ಳು ಉದುರಿಸಿ ಅಂಗೈಲೆ ಒತ್ತು, ಇಲ್ಲಂದ್ರ ಹಂಚಿನ್ಯಾಗ ಉದುರಿ ಸೀದು ಹೋಗ್ತಾವು.